ಈಟಿ ಹಿಡಿದವನೂ ಅಂಗಿ ಬಿಚ್ಚಿದವನೂ

ಐವತ್ತರ ದಶಕದ ಕೊನೆಗೆ ನಮ್ಮ ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವಳು ನಾನು. ಮದುವೆಯಾಗಲಿಲ್ಲ, ಹೇಳಿಕೊಳ್ಳುವಂಥ ಕೆಲಸವೂ ಇರಲಿಲ್ಲ. ಭಾನುವಾರದ ಆ ಮರದ ಸ್ಟೂಲ್ ಒಂದೇ ನನ್ನದು ಎನ್ನುವ ಜಾಗ. ಅಂಥದ್ದರಲ್ಲಿ ತಮ್ಮನ ಹೆಂಡತಿ ಮನೆಗೆ ಬಂದಳು. ಒಮ್ಮೆ ಕೇಳಿದ ರಾಗವನ್ನು ಹಾಗೆಯೇ ಬಾರಿಸುವ ಹುಡುಗಿ. ನನಗೆ ಜ್ವರ ಬಂದ ಒಂದು ಭಾನುವಾರ ಅವಳೇ ಬಾರಿಸಿದಳು. ಮರುವಾರ ಚರ್ಚಿನ ಬಾಗಿಲಲ್ಲೇ ಒಬ್ಬರು, "ಇವತ್ತು ಅವಳು ಬಾರಿಸುವುದಿಲ್ವಾ?" ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು.

ಹಾಡುಗಳ ಸ್ವರಗಳನ್ನು ಅಪ್ಪ ಕೈಯಾರೆ ಬರೆದಿಟ್ಟ ಒಂದು ಪುಸ್ತಕ ನಮ್ಮಲ್ಲಿತ್ತು. ಅವಳು ಅದನ್ನು ಕೇಳಿದಾಗ, "ಎಲ್ಲಿ ಉಂಟೋ ಗೊತ್ತಿಲ್ಲ ಮಾರಾಯ್ತಿ" ಎಂದೆ. ಪುಸ್ತಕ ನನ್ನ ಸೀರೆಗಳ ಅಡಿಯಲ್ಲಿತ್ತು.

ಸಂಜೆ ಪ್ರಾರ್ಥನೆಗೆ ಸರದಿಯಂತೆ ಸತ್ಯವೇದದ ಒಂದು ಅಧ್ಯಾಯ ಓದುವುದು ಮನೆಯ ರೂಢಿ. ಅಂದು ನನ್ನ ಪಾಲಿಗೆ ಬಂದದ್ದು ಕಿನ್ನರಿ ಬಾರಿಸುತ್ತಿದ್ದ ಹುಡುಗನ ಮೇಲೆ ಅರಸ ಈಟಿ ಎಸೆದ ಕಥೆ. ಜನ ತನಗಿಂತ ಆ ಹುಡುಗನನ್ನೇ ಹೊಗಳಿದರೆಂದು ಅರಸನಿಗೆ ಹೊಟ್ಟೆಯುರಿ. ಅದೇ ಅಧ್ಯಾಯದಲ್ಲಿ ಅರಸನ ಮಗ, ಮುಂದೆ ಪಟ್ಟಕ್ಕೆ ಬರಬೇಕಾದವನು, ತನ್ನ ನಿಲುವಂಗಿಯನ್ನೇ ಬಿಚ್ಚಿ ಆ ಹುಡುಗನಿಗೆ ಕೊಡುತ್ತಾನೆ. ಓದಿ ಮುಗಿಸಿ ಸತ್ಯವೇದ ಮುಚ್ಚಿಟ್ಟೆ.

ಅಪ್ಪ ಯಾರ ಮುಖವನ್ನೂ ನೋಡದೆ, "ಇದು ಎಲ್ಲಿಯೋ ನಡೆದ ಜಗಳ ಅಂತ ಓದಬಾರದು. ಆ ಅರಮನೆ ನಮ್ಮ ಒಳಗೇ ಉಂಟು. ಅರಸನೂ ಅಲ್ಲೇ, ಮಗನೂ ಅಲ್ಲೇ. ಒಬ್ಬ ಈಟಿ ಹಿಡಿದಿರ್ತಾನೆ, ಇನ್ನೊಬ್ಬ ಅಂಗಿ ಬಿಚ್ತಾನೆ. ಯಾರ ಮಾತು ಕೇಳಬೇಕು ಅಂತ ನಾವೇ ನೋಡಿಕೊಳ್ಳಬೇಕು" ಎಂದರು.

ಹೇಳುವುದು ಸುಲಭ, ಇವರು ಯಾರಿಗೆ ಏನು ಬಿಟ್ಟುಕೊಟ್ಟಿದ್ದಾರೆ ಎಂದು ಸಿಟ್ಟಿನಲ್ಲೇ ಮಲಗಿದೆ.

ಬೆಳಿಗ್ಗೆ ಚಹಾ ಕೊಡಲು ಹೋದಾಗ ಅಪ್ಪ ಕಿಟಕಿಯ ಬಳಿ ಕೆಲಸಕ್ಕೆ ಕುಳಿತಿದ್ದರು. ಗಡಿಯಾರ ರಿಪೇರಿ ಅವರ ಕಸುಬು. ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದರು. ಬೆರಳು ಒಂದಿಷ್ಟೂ ತಡವರಿಸಲಿಲ್ಲ. ನಾನು ಲೋಟ ಹಿಡಿದು ನಿಂತೇಬಿಟ್ಟೆ. ನನಗೆ ಹದಿನಾರು ತುಂಬುವವರೆಗೆ ಚರ್ಚಿನ ಹಾರ್ಮೋನಿಯಂ ಅಪ್ಪನದಾಗಿತ್ತು. "ಬೆರಳು ಮಡಚಲಿಕ್ಕೆ ಆಗುವುದಿಲ್ಲ ಮಗಾ, ಇನ್ನು ನೀನೇ ಬಾರಿಸು" ಎಂದು ಒಂದು ದಿನ ಸ್ಟೂಲ್ ಬಿಟ್ಟು ಎದ್ದಿದ್ದರು. ಅಷ್ಟು ವರ್ಷ ನಾನು ಅದನ್ನು ನಂಬಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ಅಪ್ಪನ ಮೇಲೆ ಪ್ರೀತಿ ಉಕ್ಕಿ ಬಂತು.

ಸೀರೆಗಳ ಅಡಿಯಿಂದ ಪುಸ್ತಕ ತೆಗೆದು ಅಡುಗೆಮನೆಗೆ ಹೋದೆ. ತಮ್ಮನ ಹೆಂಡತಿ ಬಂಗುಡೆ ಮೀನು ಕೊಯ್ಯುತ್ತಿದ್ದಳು.

"ಸಿಕ್ಕಿತಾ ಅಕ್ಕ?" ಎಂದು ಗಡಿಬಿಡಿಯಿಂದ ಎದ್ದು ಕೈ ತೊಳೆದುಕೊಂಡಳು.

"ಸಿಕ್ಕಿತು. ನೀನೇ ಇಟ್ಟುಕೋ. ಭಾನುವಾರ ಇನ್ನು ನೀನೇ ಬಾರಿಸು, ನನ್ನ ಬೆರಳು ಈಗೀಗ ಮಡಚಲಿಕ್ಕೆ ಆಗುವುದಿಲ್ಲ" ಎಂದೆ.

ಹಾಗೆಂದು ಹೇಳಿ, ಉಳಿದ ಬಂಗುಡೆ ಕೊಯ್ಯಲು ನಾನೇ ಮೆಟ್ಟುಕತ್ತಿಯ ಮುಂದೆ ಕುಳಿತೆ.