ಸರ್ವರ್ ಕಾಯುವ ಪಾಳಿ

ಟೆಲಿಫೋನ್ ಇಲಾಖೆಯ ಎಂಜಿನಿಯರ್ ಆಗಿ ಚಿಕ್ಕೋಡಿಯಲ್ಲಿ ನಿವೃತ್ತನಾದ ಮರುವರ್ಷವೇ ನನಗೊಂದು ಸಂಬಳವಿಲ್ಲದ ಹುದ್ದೆ ಗಂಟುಬಿತ್ತು: ಅಥಣಿ-ಕಾಗವಾಡ ಕಡೆಯ ದ್ರಾಕ್ಷಿ ಬೆಳೆಗಾರರ ಸರ್ವರ್ ಅಡ್ಮಿನ್. ದೊಡ್ಡ ಕಂಪನಿಯೊಂದರ ಆ್ಯಪಿನಲ್ಲಿದ್ದ ಅವರ ಗುಂಪು ಒಂದು ಬೆಳಿಗ್ಗೆ ಮಾಯವಾಗಿತ್ತು. ಕೂಡಿಟ್ಟ ರೋಗದ ಫೋಟೋ, ಔಷಧದ ಸಲಹೆ ಎಲ್ಲವೂ ಹೋಗಿದ್ದವು. ಕೇಳಲು ಅಲ್ಲೊಂದು ಬಾಗಿಲೂ ಇರಲಿಲ್ಲ.

ಅದಕ್ಕೇ ವಿಕೇಂದ್ರೀಕೃತ ಜಾಲಕ್ಕೆ ಕೈಹಾಕಿದೆವು. ಇದಕ್ಕೆ ಒಬ್ಬ ಯಜಮಾನ ಇರುವುದಿಲ್ಲ. ಪ್ರತಿ ಗುಂಪಿನದೂ ತನ್ನದೇ ಸರ್ವರ್, ಹಿಂದೆ ಚಿಕ್ಕೋಡಿ, ನಿಪ್ಪಾಣಿ ಎಕ್ಸ್‌ಚೇಂಜುಗಳು ಬೇರೆಬೇರೆಯಿದ್ದೂ ಮಾತಾಡಿಕೊಂಡಂತೆ. ಗಡಿಯಾಚೆಯ ಬೆಳೆಗಾರರ ಸರ್ವರಿನಿಂದ ನಮಗೆ ಮಳೆ, ರೋಗಗಳ ಮುನ್ಸೂಚನೆ ಮರಾಠಿಯಲ್ಲಿ ಬರುತ್ತಿತ್ತು. ಕಾಗವಾಡದ ಹತ್ತಿರ ಒಂಟಿಯಾಗಿ ತೋಟ ನಡೆಸುವ ಶಾಂತಕ್ಕ ಅದನ್ನು ಕನ್ನಡ ಮಾಡಿ ಹಾಕುತ್ತಿದ್ದರು. ಉಳಿದದ್ದೆಲ್ಲ ‘ಸಾಹೇಬ್ರು ನೋಡ್ಕೋತಾರ’ ಎಂದು ನನ್ನ ತಲೆಗೆ ಕಟ್ಟಿ ಎಲ್ಲರೂ ನಿಶ್ಚಿಂತರಾಗಿದ್ದರು.

ಆ ವರ್ಷ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಯುವಷ್ಟರಲ್ಲಿ ನನ್ನ ಹೃದಯ ಕೈಕೊಟ್ಟು ಬೆಳಗಾವಿಯ ಆಸ್ಪತ್ರೆ ಸೇರಿದೆ. ಇತ್ತ ನಮ್ಮವರು ದಿನ ಬೆಳಗಾದರೆ ದೇವರು, ಗುಲಾಬಿ, ಚಹಾ ಕಪ್ಪಿನ ಶುಭೋದಯ ಚಿತ್ರಗಳನ್ನು ಕನ್ನಡದಲ್ಲೊಮ್ಮೆ ಹಾಕಿ, ಗಡಿಯಾಚೆಯ ಬೀಗರು ಬೇಸರ ಮಾಡಿಕೊಂಡಾರೆಂದು ಮರಾಠಿಯಲ್ಲೂ ಒಮ್ಮೆ ಹಾಕತೊಡಗಿದರು. ಆಚೆಯ ಸರ್ವರ್ ಬೀಗರ ಮರ್ಯಾದೆಯಲ್ಲೇ ಮುಳುಗಿತು. ಅಲ್ಲಿನ ಅಡ್ಮಿನ್ ಮತ್ತೆ ಮತ್ತೆ ಬರೆದರು. ಉತ್ತರಿಸಬೇಕಾದ ನಾನು ಐಸಿಯುನಲ್ಲಿದ್ದೆ. ಕೊನೆಗೆ ಅವರು ನಮ್ಮ ಸಂಪರ್ಕ ಕಡಿದರು. ಇದಕ್ಕೆ ಡಿಫೆಡರೇಶನ್ ಎನ್ನುತ್ತಾರೆ.

ಅದೇ ವಾರ ಅಕಾಲಿಕ ಮಳೆ ಬಂತು. ಮುನ್ಸೂಚನೆ ನಮ್ಮ ಕಡೆ ಬರಲೇ ಇಲ್ಲ, ಹೊತ್ತಿಗೆ ಔಷಧ ಹೊಡೆಯುವುದು ತಪ್ಪಿತು. ಬೂಜು ಕಟ್ಟುವ ಡೌನಿ ರೋಗ ಬಿದ್ದು ಶಾಂತಕ್ಕನ ತೋಟದ ಹೂಗೊನೆಗಳು ಕಂದಿ ಉದುರಿದವು. ಆಸ್ಪತ್ರೆಯಿಂದ ಬಂದವನು ಮೊದಲು ಹೋಗಿ ನೋಡಿದ್ದು ಆ ಬಳ್ಳಿಗಳನ್ನೇ.

ಸಭೆ ಸೇರಿತು. ಹಳೆಯ ಆ್ಯಪಿಗೇ ಹೋಗೋಣ, ಇದು ಬಾಳುವ ಪೈಕಿ ಅಲ್ಲ ಎಂದರು ಹಲವರು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡ ಶಾಂತಕ್ಕನೇ ಎದ್ದು ನಿಂತರು.

“ಹೊಳಿ ನೀರ ಒಬ್ಬನ ಕೈಯಾಗ ಬಿಟ್ಟೀವೇನು? ಪಾಳಿ ಹಚ್ಚೀವಿ. ಇದಕ್ಕೂ ಹಚ್ಚರಿ.”

ಕಾಗವಾಡದ ಕಡೆ ಹಲವು ತೋಟದವರು ಕೂಡಿ ಒಂದೇ ಪೈಪಿನಲ್ಲಿ ಕೃಷ್ಣೆಯ ನೀರು ತಂದಿದ್ದಾರೆ. ಪಾಳಿಯವನು ಮುಂದಿನವನ ಕೈಗೆ ವಾಲ್ವಿನ ಕೀಲಿ ಒಪ್ಪಿಸದೆ ಮದುವೆಗೂ ಹೋಗುವುದಿಲ್ಲ. ನಮ್ಮ ಸರ್ವರ್‌ಗೂ ಹಾಗೆಯೇ ಪಾಳಿ ಹಚ್ಚಿದ್ದಾಯಿತು. ವಾರಕ್ಕೊಬ್ಬರು ಬಂದ ದೂರು ಓದಿ ಉತ್ತರಿಸಬೇಕು, ಬ್ಯಾಕಪ್ ತೆಗೆಯಬೇಕು. ಶುಭೋದಯ ನಮ್ಮೂರೊಳಗೇ ಉಳಿಯಬೇಕು. ಈ ಕೊನೆಯದಕ್ಕೇ ಹೆಚ್ಚು ಜಗಳವಾಯಿತು.

ಆಚೆಯ ಅಡ್ಮಿನ್‌ಗೆ ಶಾಂತಕ್ಕನೇ ಫೋನ್ ಮಾಡಿ ಮರಾಠಿಯಲ್ಲಿ ಕ್ಷಮೆ ಕೇಳಿದರು. ಆ ಅಡ್ಮಿನ್ ಒಬ್ಬ ಶಾಲಾ ಮಾಸ್ತರರು. ಸಿಟ್ಟು ಇಳಿದ ಮೇಲೆ, ತಾನೂ ಒಬ್ಬನೇ ಎಲ್ಲ ನೋಡುತ್ತಿದ್ದೇನೆ, ನಾಳೆ ಮಲಗಿದರೆ ಇದೂ ನಿಂತಂತೆಯೇ ಎಂದರಂತೆ. ಸಂಪರ್ಕ ಮತ್ತೆ ಕೂಡಿತು. ಈಗ ಅವರ ಸರ್ವರ್ ಕಾಯಲೂ ನಮ್ಮವರು ಪಾಳಿ ಮಾಡುತ್ತಾರೆ.

ಇಂಥ ಜಾಲಗಳು ಎಷ್ಟು ಕಾಲ ಉಳಿದಾವು ಎಂದು ಈಗಲೂ ಕೆಲವರು ಕೇಳುತ್ತಾರೆ. ಯಂತ್ರದ ಆಯುಷ್ಯ ನಾನು ಹೇಳಬಲ್ಲೆ. ಜಾಲದ ಆಯುಷ್ಯ ಮಾತ್ರ, ಮುಂದಿನ ವಾರ ಅದನ್ನು ಯಾರು ನೋಡುತ್ತಾರೆ ಎಂಬುದರ ಮೇಲಿದೆ.

ಕಳೆದ ತಿಂಗಳು ಮತ್ತೆ ಆಸ್ಪತ್ರೆ ಸೇರಿದೆ. ಹೊರಗೆ ಮೋಡ ಕವಿದಿತ್ತು. ಗಾಬರಿಯಾಗಿ ಶಾಂತಕ್ಕನಿಗೆ ಫೋನ್ ಹಚ್ಚಿದೆ.

“ಸುಮ್ಮ ಮಲಗ್ರಿ ಸಾಹೇಬ್ರ, ಈ ವಾರ ಪಾಳಿ ನಂದೈತಿ,” ಎಂದರು. ನಾನು ಮಲಗಿದೆ.