ಬಲಕ್ಕೆ ನಾಲ್ಕು ಕ್ಲಿಕ್

ವಾರದ ರಜೆಯ ಮಧ್ಯಾಹ್ನ, ಬಾಗಿಲು ಹಾಕಿದ ಸಲೂನಿನೊಳಗೆ, ಅಂಗೈಯಗಲದ ಹೆಲಿಕಾಪ್ಟರ್ ನೆಲ ಬಿಟ್ಟೆದ್ದು ಬಲಕ್ಕೆ ಜಾರಿ ಗೋಡೆಯ ಕನ್ನಡಿಗೆ ಬಡಿಯಿತು. ಸಲೂನಿನ ಯಜಮಾನ ಕನ್ನಡಿಯತ್ತ ಧಾವಿಸಿದ. ಕನ್ನಡಿ ಒಡೆಯಲಿಲ್ಲ, ಆ ಮಾತು ಬೇರೆ. ಆದರೆ ಎರಡು ತಿಂಗಳಿಂದ ಅದು ಎಳೆಯುತ್ತಿದ್ದದ್ದು ಎಡಕ್ಕೆ!

ರಿಮೋಟ್ ಇದ್ದದ್ದು ಅವನ ಕೈಯಲ್ಲಲ್ಲ, ಪಕ್ಕದಂಗಡಿಯ ಗಡಿಯಾರ ರಿಪೇರಿಯವನ ಕೈಯಲ್ಲಿ. ಕಾಯುವವರ ಬೆಂಚನ್ನು ಮೂಲೆಗೆ ಸರಿಸಿ ಇಬ್ಬರೂ ಆರು ವರ್ಷದಿಂದ ತಮ್ಮ ತಮ್ಮ ಆಟಿಕೆ ಹೆಲಿಕಾಪ್ಟರನ್ನು ಇಲ್ಲೇ ಹಾರಿಸುವವರು. ಒಬ್ಬರ ರಿಮೋಟನ್ನು ಇನ್ನೊಬ್ಬರು ಮುಟ್ಟಬಾರದೆಂಬುದು ಅವರದೇ ಕಟ್ಟುಪಾಡು. ಇವತ್ತು ಗಡಿಯಾರದವನು ಹೇಳದೆ ಕೇಳದೆ ಕಿತ್ತುಕೊಂಡಿದ್ದ. ಇಪ್ಪತ್ತು ವರ್ಷ ಇದೇ ಕುರ್ಚಿಯಲ್ಲಿ ಕ್ಷೌರ ಮಾಡಿಸಿಕೊಂಡ ಈ ಆಸಾಮಿ ಈಚೆಗೆ ಇದ್ದಕ್ಕಿದ್ದಂತೆ ಗಡ್ಡ ಬಿಟ್ಟಿದ್ದ. ಮುದಿವಯಸ್ಸಿನಲ್ಲಿ ಶೋಕಿ ನೋಡಿ ಎಂದು ಯಜಮಾನ ಬೀದಿಗೆಲ್ಲ ಕೇಳುವಂತೆ ಗೇಲಿ ಮಾಡಿದ್ದ.

ಯಜಮಾನನಿಗೆ ಜಂಭ ಕಡಿಮೆಯೇನಲ್ಲ. ಹೆಲಿಕಾಪ್ಟರಿನ ಮೂತಿ ನಮ್ಮ ಕಡೆ ತಿರುಗಿದರೆ ಎಡಬಲ ಅದಲುಬದಲಾಗುತ್ತದೆ. ಉಳಿದವರು ತಿಂಗಳುಗಟ್ಟಲೆ ಒದ್ದಾಡುವ ಆ ವಿದ್ಯೆ ಇವನಿಗೆ ಮೊದಲ ದಿನವೇ ಒಲಿದಿತ್ತು. ಮೂವತ್ತು ವರ್ಷ ಕನ್ನಡಿ ನೋಡಿಕೊಂಡೇ ಕತ್ತರಿ ಆಡಿಸಿದವನಿಗೆ ಎಡವೇನು, ಬಲವೇನು! ಅದಕ್ಕಿಂತ ದೊಡ್ಡ ಜಂಭ ಕ್ಷೌರದ ಕತ್ತಿಯದು. ಈ ಕುರ್ಚಿಯಲ್ಲಿ ನನ್ನ ಕೈಯಿಂದ ಒಂದು ಹನಿ ರಕ್ತ ಬಿದ್ದಿಲ್ಲ ಎಂದು ಬಂದವರಿಗೆಲ್ಲ ಹೇಳುವನು. ಅದನ್ನು ಕೇಳಿ ಕೇಳಿ ಅವನ ಹೆಂಡತಿಯ ಕಿವಿ ತೂತಾಗಿತ್ತು.

ಹಾಳಾದ ಹೆಲಿಕಾಪ್ಟರ್ ಎಡಕ್ಕೆ ವಾಲತೊಡಗಿದಾಗ ಅವನು ಫ್ಯಾನ್ ಆರಿಸಿದ, ರೆಕ್ಕೆ ಬದಲಿಸಿದ, ಬ್ಯಾಟರಿ ಬದಲಿಸಿದ, ತಯಾರಿಸಿದವನ ವಂಶವನ್ನೆಲ್ಲ ಜಾಲಾಡಿದ. ಕೊನೆಗೆ ರಿಮೋಟಿನ ಟ್ರಿಮ್ ಗುಂಡಿಗೆ ಕೈ ಹಾಕಿದ. ವಾಲುವುದನ್ನು ಎದುರು ದಿಕ್ಕಿಗೆ ಒಂಚೂರು ತಿದ್ದುವ ಗುಂಡಿ ಅದು. ಬಲಕ್ಕೆ ಒಂದೊಂದೇ ಕ್ಲಿಕ್ ಒತ್ತುತ್ತ ಬಂದ. ನಾಲ್ಕಕ್ಕೆ ನೆಟ್ಟಗಾಯಿತು. ಆದರೂ ಸಮಾಧಾನವಾಗದೆ ಗೆಳೆಯನಿಗೆ ಹೆಲಿಕಾಪ್ಟರನ್ನು ಬಿಚ್ಚಿ ನೋಡಲು ಕೊಟ್ಟಿದ್ದ.

"ಪೂರ್ತಿ ಬಿಚ್ಚಿ ನೋಡ್ದೆ. ಒಳಗೇನೂ ಕೆಟ್ಟಿಲ್ಲ," ಎಂದ ಗಡಿಯಾರದವನು, ಅವನ ಮುಖ ನೋಡದೆ. ಟ್ರಿಮ್ ಗುಂಡಿಯನ್ನು ನಾಲ್ಕು ಸಲ ಎಡಕ್ಕೆ ಒತ್ತಿ ನಡುವಿಗೆ ತಂದ. ಹೆಲಿಕಾಪ್ಟರ್ ಮತ್ತೆ ಎದ್ದಿತು. ದಾರ ಕಟ್ಟಿ ತೂಗುಹಾಕಿದಂತೆ ನಿಂತಲ್ಲೇ ನಿಂತಿತು.

"ಈಗ ನೀನು ಹಿಡಿ."

ಯಜಮಾನ ಹಿಡಿದ. ಅದು ಎಡಕ್ಕೆ ಜಾರಿ ಬೇಸಿನ್ನಿಗೆ ಬಿತ್ತು.

"ಇನ್ನೊಂದ್ಸಲ," ಎಂದ ಯಜಮಾನ. ಮತ್ತೆ ಬೇಸಿನ್ನೇ. ಮೂರನೆಯ ಸಲ ಅವನು ಹೆಲಿಕಾಪ್ಟರನ್ನು ನೋಡಲಿಲ್ಲ, ದಿಕ್ಕು ತಿರುಗಿಸುವ ರಿಮೋಟಿನ ಕಡ್ಡಿಯ ಮೇಲಿದ್ದ ತನ್ನ ಬಲಗೈ ಹೆಬ್ಬೆರಳನ್ನು ನೋಡಿದ. ಅದು ಅವನ ಅಪ್ಪಣೆ ಕೇಳದೆ, ಸಣ್ಣಗೆ ನಡುಗುತ್ತ, ಎಡಕ್ಕೆ ಎಳೆಯುತ್ತಿತ್ತು.

ಕೈಯ ಐಬನ್ನು ತಾನೇ ನಾಲ್ಕು ಕ್ಲಿಕ್ ಒತ್ತಿ ಮುಚ್ಚಿಟ್ಟಿದ್ದ, ಬೈದದ್ದು ಮಾತ್ರ ಯಂತ್ರಕ್ಕೆ.

"ಕತ್ತಿ ಹಿಡಿದಾಗ ಹೀಗಾಗಲ್ಲ ಕಣೋ," ಎಂದ, ದನಿ ಏರಿಸಿ. "ಇದು ಆಟ. ಕತ್ತಿ ಬೇರೆ. ಒಬ್ಬರಿಗಾದ್ರೂ ಗಾಯ ಮಾಡಿದೀನಾ, ನೀನೇ ಹೇಳು?"

ಗಡಿಯಾರದವನು ಕುರ್ಚಿಯಲ್ಲಿ ಕೂತ. ತಲೆ ಹಿಂದಕ್ಕೆ ವಾಲಿಸಿ, ದವಡೆಯ ಕೆಳಗಿನ ಗಡ್ಡವನ್ನು ಎರಡು ಬೆರಳಲ್ಲಿ ಬಿಡಿಸಿ ತೋರಿಸಿದ. ಉಗುರಿನುದ್ದದ ಗಾಯದ ಕಲೆ, ಇನ್ನೂ ಕೆಂಪಗಿತ್ತು.

ಯಜಮಾನನಿಗೆ ಆ ಬೆಳಗ್ಗೆ ನೆನಪಾಯಿತು. "ಅದು ಲೆಕ್ಕಕ್ಕಿಲ್ಲ. ಅವತ್ತು ನೀನು ಅಲ್ಲಾಡಿದೆ. ಅಲ್ಲಾಡಬೇಡ ಅಂತ ಬೈದೆನಲ್ಲ!"

"ಬೈದೆ," ಎಂದ ಗೆಳೆಯ. "ನಾನು ಅಲ್ಲಾಡಿರಲಿಲ್ಲ ಕಣೋ. ಬಾಯಿಬಿಟ್ಟು ಹೇಳೋಕಾಗ್ಲಿಲ್ಲ, ಗಡ್ಡ ಬಿಟ್ಟೆ."

ಯಜಮಾನ ನಾಳೆಯ ಮೊದಲ ಗಿರಾಕಿಗೆಂದು ಮಸೆದಿಟ್ಟಿದ್ದ ಕತ್ತಿಯನ್ನು ಎತ್ತಿಕೊಂಡು ಮಡಚಿದ. ಮಡಚುವಾಗಲೂ ಹೆಬ್ಬೆರಳು ಎಡಕ್ಕೇ ಎಳೆಯಿತು.