ತಗಡಿಲ್ಲದ ಬಯಲಿನಲ್ಲಿ ಕ್ಲೋವಿಸನ ಪೆಟ್ಟಿಗೆಗಳು

ಕಿಂಗ್‌ಸ್ಟನ್ನಿನ ಪಶ್ಚಿಮದ ಗಲ್ಲಿಗಳಲ್ಲಿ ದಪ್ಪ ಸದ್ದಿನ ಹೊಸ ಬೇಸ್ ಸ್ಪೀಕರ್ ಪೆಟ್ಟಿಗೆಯನ್ನು ಯಾರೂ ಕಿವಿಯಿಂದ ಪರೀಕ್ಷಿಸುತ್ತಿರಲಿಲ್ಲ, ತಗಡಿನಿಂದ ಪರೀಕ್ಷಿಸುತ್ತಿದ್ದರು. ವಠಾರದ ಮೂಲೆಗೆ ಪೆಟ್ಟಿಗೆ ಇಟ್ಟು ಒಂದು ರೆಕಾರ್ಡ್ ಹಾಕುವುದು. ಸುತ್ತಲಿನ ತಗಡಿನ ಬೇಲಿ ಗಡಗಡ ನಡುಗಿದರೆ ಪಾಸು. ಪಕ್ಕದ ವಠಾರದ ತಗಡೂ ನಡುಗಿದರೆ ಪೆಟ್ಟಿಗೆ ಮಾಡಿದವನಿಗೆ ಒಂದು ಬಾಟಲಿ ರಮ್ಮು. ಕ್ಲೋವಿಸ್ ಟಲಕ್ ಎಂಬ ಬಡಗಿ ಹತ್ತು ವರ್ಷ ಆ ರಮ್ಮನ್ನು ಕುಡಿದಿದ್ದ.

ಅದಕ್ಕೂ ಮುಂಚೆ ಅವನು ಒಂದು ದೊಡ್ಡ ಮರಗೆಲಸದ ಕಾರ್ಖಾನೆಯಲ್ಲಿದ್ದ. ಗುಡ್ಡದ ಮೇಲಿನ ಬಂಗಲೆಗಳಿಗೆ ಮಹಾಗನಿ ಬೀರು ಮಾಡುವ ಕೆಲಸ. ಸಂಜೆ ಆರರ ನಂತರದ ದುಡಿಮೆಗೆ ಕೂಲಿ ಕೇಳಿ ನಾಲ್ಕು ಜನರನ್ನು ಕಟ್ಟಿಕೊಂಡು ಗೇಟಿನೆದುರು ಕೂತ. ಐದೂ ಜನರನ್ನು ಒದ್ದು ಓಡಿಸಿದರು. ಗುಡ್ಡದವರು ಮತ್ತೆ ಅವನನ್ನು ಕರೆಯಲಿಲ್ಲ. ಗಲ್ಲಿಯವರಿಗೆ ಬೀರು ಯಾಕೆ? ಇರುವ ಎರಡು ಅಂಗಿಗೆ ಒಂದು ಮೊಳೆ ಸಾಕು. ಅವರಿಗೆ ಬೇಕಾಗಿದ್ದದ್ದು ಶನಿವಾರ ಎದೆ ಗುದ್ದುವ ಸದ್ದು. ಹಾಗಾಗಿ ಕ್ಲೋವಿಸ್ ಸದ್ದಿನ ಪೆಟ್ಟಿಗೆಗೆ ಕೈ ಹಾಕಿದ.

ಕಲಿಸುವವರು ಯಾರೂ ಇರಲಿಲ್ಲ. ಒಡೆದ ಪೆಟ್ಟಿಗೆ ಸಿಕ್ಕರೆ ಉದ್ದುದ್ದ ಸೀಳಿ ಹೊಟ್ಟೆಯೊಳಗೆ ನೋಡುತ್ತಿದ್ದ. ಸ್ಪೀಕರಿನ ಬೆನ್ನಿಂದ ಹೊರಟ ಗಾಳಿ ಒಳಗೇ ತಿರುಗಿ, ದಾರಿ ಅಗಲವಾಗುತ್ತಾ ಆಗುತ್ತಾ ಕೆಳಗಿನ ಬಾಯಿಗೆ ಬಂದು ಬೀಳಬೇಕು. ಎಲ್ಲಿ ತಿರುಗಬೇಕು, ಎಷ್ಟು ಅಗಲವಾಗಬೇಕು ಎನ್ನುವುದೇ ಗುಟ್ಟು. ಮುಕ್ಕಾಲು ಇಂಚಿನ ಪ್ಲೈವುಡ್, ಅಂಟು, ಗೇಣಿಗೊಂದು ಸ್ಕ್ರೂ. ಬೆರಳ ಗೆಣ್ಣಿನಿಂದ ಎಲ್ಲಿ ಕುಟ್ಟಿದರೂ ಪೆಟ್ಟಿಗೆ ಕಲ್ಲಿನ ಹಾಗೆ ಸುಮ್ಮನಿರಬೇಕು.

ಹತ್ತನೆಯ ವರ್ಷ ರಮ್ಮಿನಂಗಡಿಯ ಐಸಿಲ್ಡಾ ಫೆಂಟನ್ ಅವನಿಂದ ನಾಲ್ಕು ಪೆಟ್ಟಿಗೆ ಮಾಡಿಸಿದಳು. ಬಯಲು ಕುಣಿತಗಳಿಗೆ ಹಾಡು ಹಾಕುವ ಅವಳ ಸೌಂಡ್ ಸಿಸ್ಟಮ್ಮಿನ ಹೆಸರು ಬ್ರೆಡ್‌ಫ್ರೂಟ್. ಈಸ್ಟರ್ ಸೋಮವಾರ ಕಡಲ ದಂಡೆಯ ಬಯಲಿನಲ್ಲಿ ಪಕ್ಕದ ಊರು ಸ್ಪ್ಯಾನಿಷ್ ಟೌನಿನ ಸೌಂಡಿನ ಜೊತೆ, ಯಾರ ಸದ್ದು ಮೇಲು ಎಂಬ ಪಂದ್ಯ. ಶನಿವಾರ ಮಧ್ಯಾಹ್ನವೇ ಲಾರಿಯಲ್ಲಿ ಪೆಟ್ಟಿಗೆ ತಂದು, ಪದ್ಧತಿಯಂತೆ ಬಯಲಿನ ನಾಲ್ಕು ಮೂಲೆಗೆ ನಿಲ್ಲಿಸಿದರು. ವಾಲ್ವುಗಳ ಆಂಪ್ಲಿಫೈಯರ್ ನೋಡಿಕೊಳ್ಳುವ ಬಿಗ್ಸ್ ರೆಕಾರ್ಡ್ ಹಾಕಿದ.

ಏನೂ ಇಲ್ಲ. ಹಾಡಿತ್ತು, ತಾಳವಿತ್ತು, ಬೇಸ್ ಮಾತ್ರ ಕಡಲಿಗೆ ಬಿದ್ದು ಸತ್ತಂತಿತ್ತು.

“ಕ್ಲೋವಿಸ್, ಇದು ಬೇಸೋ, ಪಕ್ಕದ ಮನೇಲಿ ಮಂಚ ಸರಿಸ್ತಿದಾರೋ?” ಐಸಿಲ್ಡಾ ಸೊಂಟದ ಮೇಲೆ ಕೈಯಿಟ್ಟಳು.

“ಬಿಗ್ಸ್ ತಂತಿ ಉಲ್ಟಾ ಕೊಟ್ಟಿರ್ತಾನೆ.”

“ನನ್ ತಲೆಗೆ ಕಟ್ಬೇಡಿ ಮಾಸ್ ಕ್ಲೋವಿಸ್, ನೀವೇ ನೋಡ್ಕೊಳಿ.” ಹಿರಿಯನೆಂಬ ಮರ್ಯಾದೆಗೆ ಬಿಗ್ಸ್ ಎಲ್ಲರಂತೆ ‘ಮಾಸ್’ ಸೇರಿಸುತ್ತಿದ್ದ.

ಕ್ಲೋವಿಸ್ ಟಾರ್ಚಿನ ಶೆಲ್ ತೆಗೆದು ಒಂದೊಂದು ಪೆಟ್ಟಿಗೆಯ ತಂತಿಗೂ ಮುಟ್ಟಿಸಿದ. ಉಲ್ಟಾ ಇದ್ದರೆ ಸ್ಪೀಕರಿನ ಕಾಗದದ ಬಟ್ಟಲು ಒಳಕ್ಕೆ ಹೋಗಬೇಕು, ನಾಲ್ಕೂ ಮುಂದಕ್ಕೇ ಪುಟಿದವು. ತಂತಿ ಸರಿಯಾಗಿಯೇ ಇತ್ತು.

“ಕೇಳಿಲ್ಲಿ,” ಐಸಿಲ್ಡಾ ಬಯಲಿನ ಆ ತುದಿಯ ಕಡಲದ್ರಾಕ್ಷಿ ಮರ ತೋರಿಸಿದಳು. “ಸೋಮವಾರ ಅಲ್ಲಿ ನಿಂತೋರ ಹೊಟ್ಟೇಲಿ ಗುಡುಗ್ಬೇಕು. ಕತ್ತಲಾಗೋದ್ರೊಳಗೆ ದಾರಿ ಕಾಣ್ಸು. ಇಲ್ದಿದ್ರೆ ನಾಳೆ ಬೇರೆಯವನ ಪೆಟ್ಟಿಗೆ ತರ್ತೀನಿ, ನಿನ್ನವು ನನ್ನ ಕೋಳಿಗಳಿಗೆ. ಯಾಕೆ ಅಂತ ಕೇಳ್ದೋರಿಗೆಲ್ಲ ಹೇಳ್ತೀನಿ.”

ಸುಳ್ಳು ಬೆದರಿಕೆಯಲ್ಲ. ಅವಳ ಅಂಗಡಿಯಲ್ಲಿ ಒಮ್ಮೆ ಆಡಿದ ಮಾತು ಎಲ್ಲ ಗಲ್ಲಿಗೂ ತಲುಪುತ್ತಿತ್ತು. ಕಾರ್ಖಾನೆ ಆಗಲೇ ಹೋಗಿತ್ತು. ಈಗ ಪೆಟ್ಟಿಗೆಯ ಹೆಸರೂ ಹೋದರೆ ಕ್ಲೋವಿಸನಿಗೆ ಮೂರನೆಯ ಕಸುಬು ಗೊತ್ತಿರಲಿಲ್ಲ.

ಆದರೂ ಅವನಿಗೆ ಹೆದರಿಕೆಗಿಂತ ಹೆಚ್ಚು ಕಾಡಿದ್ದು, ಬೇಸ್ ಹೋಯಿತೆಲ್ಲಿಗೆ ಎನ್ನುವ ಪ್ರಶ್ನೆ. ಪೆಟ್ಟಿಗೆಯ ಬಾಯೊಳಗೆ ತಲೆ ತೂರಿಸಿದ. ಅಲ್ಲಿ ಹಲ್ಲು ನಡುಗುವಷ್ಟಿತ್ತು. ಹೆಜ್ಜೆ ಎಣಿಸುತ್ತಾ ಹಿಂದಕ್ಕೆ ನಡೆದ. ಹತ್ತಕ್ಕೆ ಸೊರಗಿತು, ಇಪ್ಪತ್ತಕ್ಕೆ ಸತ್ತಿತು. ಇದೇ ಪೆಟ್ಟಿಗೆ ವಠಾರದಲ್ಲಿ ಎರಡು ಬೇಲಿಯಾಚೆಯ ತಗಡನ್ನು ಅಲ್ಲಾಡಿಸಿತ್ತು. ಇಲ್ಲಿ ಅಲ್ಲಾಡಲು ತಗಡೇ ಇಲ್ಲ. ಹಾಗಾದರೆ ಹತ್ತು ವರ್ಷ ತಾನು ಕೇಳಿದ್ದು ಪೆಟ್ಟಿಗೆಯನ್ನೋ ಬೇಲಿಯನ್ನೋ? ನಾಚಿಕೆಯಾಯಿತು. ಜೊತೆಗೆ, ಇಷ್ಟು ದಿನ ಇದು ಹೊಳೆಯಲೇ ಇಲ್ಲವಲ್ಲ ಎಂದು ನಗುವೂ ಬಂತು.

ಅಷ್ಟರಲ್ಲಿ ಬೆಟ್ಟದ ಕಡೆ ಮೋಡ ಕವಿಯಿತು. ಇದ್ದದ್ದು ಒಂದೇ ತಾಡಪಾಲು. ಬಿಗ್ಸ್ ಲಾರಿಯವರನ್ನು ಕೂಗಿ, ನಾಲ್ಕೂ ಪೆಟ್ಟಿಗೆಗಳನ್ನು ಒಂದೇ ಕಡೆ ಒತ್ತಿಸಿಟ್ಟ, ಎರಡು ಕೆಳಗೆ, ಎರಡು ಮೇಲೆ. ತಂತಿ ಬಿಚ್ಚಲಿಲ್ಲ, ರೆಕಾರ್ಡೂ ನಿಲ್ಲಲಿಲ್ಲ. ಕ್ಲೋವಿಸ್ ಆ ತುದಿಯ ಕಡಲದ್ರಾಕ್ಷಿ ಮರದ ಬುಡದಲ್ಲಿ ಈಸ್ಟರಿನ ಬನ್ನು, ಚೀಸು ಅಗಿಯುತ್ತಿದ್ದ. ಗಾಳಿಯೇ ಇಲ್ಲ, ಆದರೂ ಪ್ಯಾಂಟಿನ ಬಟ್ಟೆ ಮೊಣಕಾಲ ಕೆಳಗೆ ಪಟಪಟ ಅಂದಿತು. ಆಮೇಲೆ ಎದೆಯ ಮೂಳೆಯೂ ಅದುರಿತು. ಅವನು ಅಗಿಯುವುದನ್ನು ನಿಲ್ಲಿಸಿದ.

“ಬೇರೆ ಮಾಡ್ರೋ! ದೂರ ದೂರ ಇಡ್ರೋ!”

“ಮಳೆ ಬರ್ತಿದೆ ಮಾಸ್ ಕ್ಲೋವಿಸ್!”

“ಬರ್ಲಿ ಬಿಡೋ, ನೀನೇನು ಸಕ್ಕರೆನಾ ಕರಗೋಕೆ? ದೂರ ತಳ್ಳು!”

ದೂರ ಮಾಡಿದರು. ಬಟ್ಟೆ ಸುಮ್ಮನಾಯಿತು. ಸೇರಿಸಿದರು. ಮತ್ತೆ ಪಟಪಟ. ಇನ್ನೊಮ್ಮೆ ಬೇರೆ, ಇನ್ನೊಮ್ಮೆ ಸೇರಿಸು. ನಾಲ್ಕನೆಯ ಸಲಕ್ಕೆ ಬಿಗ್ಸ್ ನೆಲಕ್ಕೆ ಕೂತುಬಿಟ್ಟ. “ನನ್ನೇನು ಕಬ್ಬಿನ ಗಾಡಿ ಎತ್ತು ಅಂದ್ಕೊಂಡ್ರಾ? ಒಂದೇ ಪ್ರಶ್ನೇನ ಎಷ್ಟು ಸಲ ಕೇಳ್ತೀರಿ?”

“ಒಂದೇ ಉತ್ತರ ಬರೋವರ್ಗೂ.”

ಮಳೆ ನಾಲ್ಕು ಹನಿ ಉದುರಿಸಿ ಕಡಲಿಗೆ ಹೋಯಿತು. ಕ್ಲೋವಿಸನಿಗೆ ಸಂಗತಿ ಬಿಡಿಸಿಕೊಳ್ಳುತ್ತಾ ಬಂತು. ವಠಾರದ ಮೂಲೆಯ ಎರಡು ಗೋಡೆಗಳು ಇಷ್ಟು ದಿನ ಪೆಟ್ಟಿಗೆಯ ಬಾಯನ್ನು ಪುಕ್ಕಟೆಯಾಗಿ ದೊಡ್ಡದು ಮಾಡುತ್ತಿದ್ದವು. ಆ ದಪ್ಪ ಸದ್ದಿಗೆ ಒಂಟಿ ಪೆಟ್ಟಿಗೆಯ ಬಾಯಿ ಸಾಲದು. ಇಲ್ಲಿ ಗೋಡೆಯಿಲ್ಲ, ನಾಲ್ಕು ಬಾಯಿ ಸೇರಿ ಒಂದಾದರೆ ಸಾಲುತ್ತದೆ. ಕಾರ್ಖಾನೆಯ ಗೇಟಿನೆದುರು ಬರೀ ಐದು ಬಾಯಿ ಕೂಗಿದರೆ ಏನಾಗುತ್ತದೆಂದು ಅವನಿಗೆ ಮುಂಚೆಯೇ ಗೊತ್ತಿರಬೇಕಿತ್ತು.

ಐಸಿಲ್ಡಾ ಮರದ ಹತ್ತಿರ ನಿಂತು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

“ಹ್ಞೂಂ,” ಅಂದಳು. “ಆದ್ರೆ ನಾಲ್ಕು ಮೂಲೆ ಇಲ್ದೆ ಕುಣಿತ ಎಲ್ಲಿ ಕಂಡಿದೀಯೋ? ಹೆಣದ ಪೆಟ್ಟಿಗೆ ಅಂಗಡಿ ಇಟ್ಟಿದಾಳೆ ಅಂತ ನಗ್ತಾರೆ ಜನ.”

“ರೆಕಾರ್ಡ್ ಹಾಕೋವರ್ಗೂ ನಗ್ತಾರೆ.”

“ಸ್ಪ್ಯಾನಿಷ್ ಟೌನಿನೋರು?”

“ಅವ್ರು ಮೂಲೇಲಿ ಇಡ್ತಾರೆ. ಇಡ್ಲಿ ಬಿಡು, ಯಾಕೆ ತಡೀತೀಯ?”

ಅವಳು ಬಯಲು ದಾಟಿ ಹೋಗಿ ಪೆಟ್ಟಿಗೆಗಳ ಸುತ್ತ ಎರಡು ಸುತ್ತು ಹಾಕಿದಳು. ನೆಲದಿಂದ ಏಳಲು ಹೊರಟಿದ್ದ ಬಿಗ್ಸನ ಹೆಗಲಿಗೆ ಕೈಯಿಟ್ಟು ಕೂರಿಸಿದಳು. “ಇನ್ನು ಮುಟ್ಬೇಡ. ಹೀಗೇ ಇರ್ಲಿ, ಸೋಮವಾರಕ್ಕೂ ಹೀಗೇ.”

ಕ್ಲೋವಿಸ್ ಆಗಲೇ ಸೀಮೆಸುಣ್ಣ ತೆಗೆದು ಲಾರಿಯ ಹಲಗೆಯ ಮೇಲೆ ಗೀಚುತ್ತಿದ್ದ. ನಾಲ್ಕು ಬಾಯಿ ಒಂದಾಗುವುದಾದರೆ ಒಂದೇ ಬಾಯಿಯನ್ನು ಅಷ್ಟು ದೊಡ್ಡದಾಗಿ ಕೊಯ್ದರೇನು?

ಐಸಿಲ್ಡಾ ಹೆಗಲ ಮೇಲಿಂದ ಬಗ್ಗಿ ನೋಡಿದಳು. “ಇದು ನಿನ್ನ ಕೆಲಸದ ಕೋಣೆ ಬಾಗಿಲಲ್ಲಿ ಹೊರಗೆ ಬರಲ್ಲ ಕಣೋ.”

ಅವನು ಗೀಚಿದ್ದರ ಮೇಲೆ ಮೊಳ ಹಾಕಿ ಅಳೆದ. ಅವಳು ಹೇಳಿದ್ದು ನಿಜ. “ಗೋಡೆ ಒಡೆದ್ರಾಯ್ತು,” ಅಂದು ಮುಂದಿನ ಗೆರೆ ಎಳೆದ.